ಬುಧವಾರ ಹನ್ನೊಂದು ಗಂಟೆ ಸರಿ, ಆದ್ರೆ ಯಾರ ಬುಧವಾರ?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳ್ತದಾ? ಕೇಳ್ತದೆ, ಸರಿ. ನಂಗೆ ಕೊಟ್ಟ ವಿಷಯ ಸಣ್ಣ ವ್ಯಾಪಾರಕ್ಕೆ ಆನ್‌ಲೈನ್ ಜಾಹೀರಾತು ಅಂತ, ಅದನ್ನು ಇಡೀ ಹೇಳ್ಲಿಕ್ಕೆ ಹೋದ್ರೆ ನಿಮ್ಮ ಊಟ ತಣ್ಣಗಾಗ್ತದೆ, ಹಾಗಾಗಿ ಒಂದೇ ಸಂಗತಿ ಹಿಡ್ಕೊಂಡು ಬಂದಿದ್ದೇನೆ. ಈಗ ನಮ್ಮ ವ್ಯಾಪಾರಿಗಳ ವಾಟ್ಸಾಪ್ ಗ್ರೂಪಲ್ಲಿ ಒಂದು ಚಾರ್ಟ್ ತಿರುಗ್ತಾ ಉಂಟಲ್ಲ, ಹಸಿರು ಕೆಂಪು ಚೌಕ ಚೌಕ ಇರುವದ್ದು, ಜಾಹೀರಾತು ಬುಧವಾರ ಬೆಳಿಗ್ಗೆ 11 ಗಂಟೆಗೆ ಹಾಕಿದ್ರೆ ಬೆಸ್ಟ್, ಮಂಗಳವಾರ ಗುರುವಾರ ಅಡ್ಡಿಲ್ಲ, ಶನಿವಾರ ಆದಿತ್ಯವಾರ ದುಡ್ಡು ದಂಡ ಅಂತ. ಅದನ್ನು ನಂಗೇ ಹತ್ತು ಜನ ಫಾರ್ವರ್ಡ್ ಮಾಡಿದ್ದಾರೆ, ಈ ಹಾಲಲ್ಲಿ ಕೂತವರೂ ಮಾಡಿದ್ದಾರೆ, ಹೆಸರು ಹೇಳುದಿಲ್ಲ, ನಗ್ತಾ ಇದ್ದಾರೆ ನೋಡಿ.

ನನ್ನ ಪ್ರಶ್ನೆ ಒಂದೇ. ಯಾರ ಬುಧವಾರ ಅದು? ಅಮೆರಿಕದ ಯಾವುದೋ ಊರಲ್ಲಿ ಆಫೀಸಲ್ಲಿ ಕೂತು ಕಾಫಿ ಕುಡೀತಾ ಈಮೇಲ್ ನೋಡುವವನ ಬುಧವಾರ. ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಿ ಅಡಿಕೆ ಸುಲಿಸುವವರ ಬುಧವಾರ ಅಲ್ಲ, ಉಪ್ಪಳದಲ್ಲಿ ಶಟರ್ ಎತ್ತುವವನದ್ದೂ ಅಲ್ಲ.

ವಾರದ ದಿನಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳುದಿಲ್ಲ, ಹಾಗೆ ತಿಳ್ಕೊಂಡು ಮನೆಗೆ ಹೋಗ್ಬೇಡಿ. ಖಂಡಿತ ಉಂಟು. ಕಂಪನಿಗೆ ಸಾಫ್ಟ್‌ವೇರ್ ಮಾರುವವನಿಗೆ ಕೆಲಸದ ದಿನವೇ ಬೇಕು, ಆದಿತ್ಯವಾರ ಯಾವ ಮ್ಯಾನೇಜರ್ ಕೂತು ಕೊಟೇಶನ್ ಕೇಳ್ತಾನೆ? ಹೋಮ್‌ಸ್ಟೇ ಮಾಡುವವನಿಗೆ ಬೇರೆ ಲೆಕ್ಕ, ಬೇಕಲ ಕೋಟೆ ನೋಡ್ಲಿಕ್ಕೆ ಬರುವ ಜನ ರಜೆಗೆ ಎರಡು ಮೂರು ದಿನ ಮೊದ್ಲೇ ರೂಮ್ ಹುಡುಕ್ತಾರೆ. ದಿನ ಉಂಟು, ಆದ್ರೆ ಆ ದಿನ ನಿಮ್ಮ ಗಿರಾಕಿಯ ಮನೆಯಲ್ಲಿ ಉಂಟು, ಚಾರ್ಟಲ್ಲಿ ಇಲ್ಲ.

ನಮ್ಮಲ್ಲಿ ರಾಹುಕಾಲ ಇಲ್ವಾ, ಸೋಮವಾರ ಏಳೂವರೆಯಿಂದ ಒಂಬತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಆದಿತ್ಯವಾರ ಸಂಜೆ ನಾಲ್ಕೂವರೆಯಿಂದ ಆರು, ಈ ಚಾರ್ಟೂ ಹಾಗೇ, ಯಾಕೆ ಅಂತ ಯಾರೂ ಕೇಳುದಿಲ್ಲ, ಬಣ್ಣ ಹಸಿರು ಇದ್ರೆ ಶುಭ. ಪಂಚಾಂಗದವರಾದ್ರೂ ನಮ್ಮೂರ ಸೂರ್ಯೋದಯ ನೋಡಿ ಲೆಕ್ಕ ಹಾಕ್ತಾರೆ ಮಾರಾಯ್ರೆ, ಚಾರ್ಟಿನವನಿಗೆ ಕಾಸರಗೋಡು ಎಲ್ಲುಂಟು ಅಂತ ಗೊತ್ತಿಲ್ಲ.

ಈಗ ಒಂದು ಕಥೆ ಹೇಳ್ತೇನೆ, ಕೆಲವರು ಮೊದ್ಲೇ ಕೇಳಿದ್ದೀರಿ, ಪುನಃ ಕೇಳಿ. ಉಪ್ಪಳ ಕುಂಬಳೆ ಕಡೆಯ ಒಬ್ಬರು, ಮದುವೆ ಬಟ್ಟೆಯ ಅಂಗಡಿ. ಅವರ ಜಾಹೀರಾತು ಎರಡು ಕಡೆಗೆ ಹೋಗ್ತಿತ್ತು, ಒಂದು ಇಲ್ಲಿ ಊರಿಗೆ, ಇನ್ನೊಂದು ಗಲ್ಫಿಗೆ. ಗಲ್ಫಿಗೆ ಯಾಕೆ ಅಂತ ನಿಮಗೆ ಹೇಳ್ಬೇಕಾ? ಊರಲ್ಲಿ ಬಟ್ಟೆ ನೋಡುದು ಅಮ್ಮ ಮತ್ತು ಹುಡುಗಿ, ಆದ್ರೆ "ಆಯ್ತು ತಗೊಳ್ಳಿ" ಅಂತ ಹೇಳುದು ಕುವೈತಲ್ಲೋ ಸೌದಿಯಲ್ಲೋ ಕೂತ ಅಪ್ಪ. ಎರಡೂ ಕಡೆ ಒಂದೇ ಕ್ಯಾಂಪೇನಲ್ಲಿ ಹಾಕಿ, ಶುಕ್ರವಾರ ಮಾತ್ರ ಬಂದ್ ಮಾಡಿಟ್ಟಿದ್ರು. ಯಾಕೆ ಬಂದ್ ಅಂತ ಕೇಳಿದ್ರೆ, ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಜನ ಇಲ್ಲ, ಜುಮಾಕ್ಕೆ ಹೋಗ್ತಾರೆ, ನಾನೂ ಹೋಗ್ತೇನೆ, ಶಾಲೆಯಲ್ಲೂ ಆ ದಿನ ಮಧ್ಯಾಹ್ನದ ಬಿಡುವು ಉದ್ದ, ಮತ್ತೆ ಯಾರಿಗೆ ತೋರಿಸ್ಲಿಕ್ಕೆ ಅಂತ. ಊರಿನ ಮಟ್ಟಿಗೆ ಅವರು ಹೇಳಿದ್ದು ಸರಿ ಕೂಡ.

ಆದ್ರೆ ಗಡಿಯಾರ ನೋಡಿ. ಕುವೈತ್, ಸೌದಿ, ಕತಾರ್ ನಮಗಿಂತ ಎರಡೂವರೆ ಗಂಟೆ ಹಿಂದೆ. ನಮ್ಮಲ್ಲಿ ಶುಕ್ರವಾರ ಹನ್ನೆರಡೂವರೆ ಆದಾಗ ಅಲ್ಲಿ ಬೆಳಿಗ್ಗೆ ಹತ್ತು. ಅಲ್ಲಿ ಶುಕ್ರವಾರ ರಜೆ, ಮನುಷ್ಯ ನಿಧಾನ ಎದ್ದಿದ್ದಾನೆ, ಚಾ ಆಗಿದೆ, ಜುಮಾಕ್ಕೆ ಹೊರಡ್ಲಿಕ್ಕೆ ಇನ್ನೂ ಹೊತ್ತು ಉಂಟು, ಮಂಚದ ಮೇಲೆ ಮೊಬೈಲ್ ಹಿಡ್ಕೊಂಡು ಕೂತಿದ್ದಾನೆ. ಇಡೀ ವಾರದಲ್ಲಿ ಅವನಿಗೆ ಮಗಳ ಮದುವೆ ಬಗ್ಗೆ ಯೋಚನೆ ಮಾಡ್ಲಿಕ್ಕೆ ಪುರುಸೊತ್ತು ಸಿಕ್ಕಿದ ಗಂಟೆ ಅದು. ನಮ್ಮವರು ಸರಿಯಾಗಿ ಆ ಗಂಟೆಗೆ ಜಾಹೀರಾತು ನಿಲ್ಲಿಸಿ, ಫೋನ್ ಸೈಲೆಂಟ್ ಮಾಡಿ ಹೋಗಿದ್ದಾರೆ!

ಹಾಗಾದ್ರೆ ಗಲ್ಫಿಗೆಲ್ಲ ಶುಕ್ರವಾರ ಅಂತ ಬರ್ಕೊಳ್ಳುವ ಅಂದ್ರೆ ಅದೂ ಆಗುದಿಲ್ಲ. ಯುಎಇಯಲ್ಲಿ 2022ರ ಜನವರಿಯಿಂದ ಸರ್ಕಾರಿ ವಾರವೇ ಬದಲಾಯ್ತು, ಶುಕ್ರವಾರ ಅರ್ಧ ದಿನ ಕೆಲಸ, ಶನಿವಾರ ಆದಿತ್ಯವಾರ ರಜೆ. ಶಾರ್ಜಾದಲ್ಲಿ ಇನ್ನೂ ಮಜಾ, ಅಲ್ಲಿ ಶುಕ್ರ ಶನಿ ಆದಿತ್ಯ ಮೂರೂ ದಿನ ಸರ್ಕಾರಿ ರಜೆ. ದುಬೈಯವನಿಗೆ ಆದಿತ್ಯವಾರ ರಜೆ, ಕುವೈತಿನವನಿಗೆ ಅದು ವಾರದ ಮೊದಲ ಕೆಲಸದ ದಿನ. ಹೌದು, ಏನು ಹೇಳಿದ್ರಿ? ಓ, ನೀವು ಸೌದಿಯಲ್ಲಿದ್ದಾಗ ಗುರುವಾರ ಶುಕ್ರವಾರ ರಜೆ ಇತ್ತು ಅಂತ. ಸರಿಯೇ ಹೇಳಿದ್ರಿ, 2013ರ ವರೆಗೆ ಹಾಗೇ ಇತ್ತು, ಆಮೇಲೆ ಶುಕ್ರ ಶನಿ ಮಾಡಿದ್ರು. ನೋಡಿ, ಹತ್ತು ವರ್ಷದ ಒಳಗೆ ಎರಡು ದೇಶದ ವಾರವೇ ಜರುಗಿದೆ, ಚಾರ್ಟಿನಲ್ಲಿ ಬುಧವಾರ ಮಾತ್ರ ಅಲ್ಲಾಡದೆ ಕೂತಿದೆ.

ಅವರ ಅಂಗಡಿಗೆ ಏನು ಮಾಡಿದ್ದು ಅಂದ್ರೆ, ಮೂರು ತುಂಡು ಮಾಡಿದ್ದು. ಊರಿಗೆ ಒಂದು, ಯುಎಇಗೆ ಒಂದು, ಕುವೈತ್ ಸೌದಿ ಕತಾರ್ ಸೇರಿಸಿ ಒಂದು. ಶುಕ್ರವಾರ ಹನ್ನೆರಡರಿಂದ ಎರಡೂವರೆ ವರೆಗೆ ಅಂಗಡಿಯ ಹುಡುಗಿ ಒಬ್ಬಳು ವಾಟ್ಸಾಪ್ ನೋಡ್ಲಿಕ್ಕೆ ಕೂತ್ಕೊಂಡ್ಳು, ಅವಳು ಕ್ರಿಶ್ಚಿಯನ್, ಅವಳ ರಜೆ ಆದಿತ್ಯವಾರ, ಯಾರಿಗೂ ತೊಂದರೆ ಇಲ್ಲ. ಮೆಸೇಜ್ ಬರುದು ಹೇಗೆ ಗೊತ್ತುಂಟಾ? ಮೊದ್ಲು ಫೋಟೋದ ಸ್ಕ್ರೀನ್‌ಶಾಟ್, ಅದ್ರ ಕೆಳಗೆ ಒಂದೇ ಶಬ್ದ, "ರೇಟ್?" ಆಮೇಲೆ ಐದು ನಿಮಿಷ ಬಿಟ್ಟು ಊರಿಂದ ಹೆಂಡತಿಯ ನಂಬರಿಂದ ಅದೇ ಸ್ಕ್ರೀನ್‌ಶಾಟ್, "ಈ ಕಲರ್ ಬೇಡ". ಗಂಡ ಹೆಂಡತಿ ಎರಡು ದೇಶದಲ್ಲಿ ಕೂತು ನಿಮ್ಮ ಅಂಗಡಿಯ ಒಳಗೆ ಜಗಳ ಮಾಡ್ತಾ ಇದ್ದಾರೆ, ಜಾಹೀರಾತಿನವರು ಎಂಗೇಜ್‌ಮೆಂಟ್ ಅಂತಾರಲ್ಲ, ಜನ ಸ್ಪಂದಿಸುದು, ಅದಕ್ಕಿಂತ ದೊಡ್ಡದು ಬೇಕಾ? ದೊಡ್ಡ ಆರ್ಡರೆಲ್ಲ ಹಾಗೆ ಶುರುವಾದದ್ದು, ಅವರು ಮೊದ್ಲು ದಂಡ ಅಂತ ಬಂದ್ ಮಾಡಿದ ದಿನವೇ.

ಟೈಮ್ ಝೋನ್ ಬಂತಲ್ಲ, ಇನ್ನೊಂದು ಹೇಳಿಬಿಡ್ತೇನೆ. ಮನೆಯಲ್ಲೇ ಕೇಕ್ ಮಾಡುವ ಒಬ್ಬರಿದ್ದಾರೆ, ಅವರ ರಿಪೋರ್ಟಲ್ಲಿ ಶನಿವಾರ ಭಾರೀ ಕ್ಲಿಕ್, ಆದಿತ್ಯವಾರ ಕಮ್ಮಿ. ಆದ್ರೆ ಫೋನ್ ಬರುದು ಆದಿತ್ಯವಾರ ಬೆಳಿಗ್ಗೆ. ಇದೆಂತ ಭೂತ ಚೇಷ್ಟೆ ಅಂತ ನೋಡಿದ್ರೆ, ಅಕೌಂಟ್ ತೆರೆಯುವಾಗ ಟೈಮ್ ಝೋನ್ ಅಮೆರಿಕದ ಪೆಸಿಫಿಕ್ ಅಂತ ಇದ್ದದ್ದನ್ನು ಹಾಗೇ ಬಿಟ್ಟಿದ್ದಾರೆ. ಅದು ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅಂದ್ರೆ ನಮ್ಮ ಆದಿತ್ಯವಾರ ಮಧ್ಯಾಹ್ನ ಹನ್ನೆರಡೂವರೆ ವರೆಗಿನ ಎಲ್ಲ ಕ್ಲಿಕ್ಕೂ ಅವರ ಲೆಕ್ಕದಲ್ಲಿ ಶನಿವಾರ! ಅವ್ರು ಪಾಪ ಆ ರಿಪೋರ್ಟ್ ನಂಬಿ ಶುಕ್ರವಾರ ರಾತ್ರಿ ನಿದ್ದೆ ಬಿಟ್ಟು ಕೇಕ್ ಮಾಡ್ತಿದ್ರು. ಯಾರ ಶನಿವಾರ ಅಂತ ಕೇಳ್ಬೇಕು, ನಿಮ್ಮ ಸ್ವಂತ ರಿಪೋರ್ಟ್ ಆದ್ರೂ ಕೇಳ್ಬೇಕು.

ಸ್ವಲ್ಪ ನೀರು ಕೊಡಿ. ಎಷ್ಟು ಗಂಟೆ ಆಯ್ತು? ಅಯ್ಯೋ.

ಸರಿ, ಬೆಲೆಯ ವಿಷ್ಯ. ಜನ ಜಾಹೀರಾತನ್ನು ಎಷ್ಟು ಒತ್ತುತ್ತಾರೆ ಅನ್ನುದು ಒಂದು, ಅದನ್ನು ತೋರಿಸುವ ಜಾಗಕ್ಕೆ ನಿಮಗೆ ಎಷ್ಟು ಬೀಳ್ತದೆ ಅನ್ನುದು ಇನ್ನೊಂದು. ಫೇಸ್‌ಬುಕ್ಕೂ ಗೂಗಲ್ಲೂ ಜಾಗವನ್ನು ಏಲಂ ಹಾಕುದು, ಪ್ರತೀ ಸಲ ಜಾಹೀರಾತು ತೋರಿಸುವಾಗ್ಲೂ ಏಲಂ. ಹಾಗಾಗಿ ನಿಮ್ಮ ಗಿರಾಕಿ ಅದೇ, ಫೋಟೋ ಅದೇ, ದಿನವೂ ಒಳ್ಳೆದೇ, ಆದ್ರೆ ಆ ದಿನ ದೊಡ್ಡ ಕಂಪನಿಗಳು ಏಲಮಿಗೆ ಬಂದು ನಿಂತ್ರೆ ನಿಮ್ಮ ಐನೂರು ರೂಪಾಯಿ ಹತ್ತು ಗಂಟೆಗೇ ಮುಗೀತದೆ. ನವೆಂಬರಲ್ಲಿ ಬ್ಲ್ಯಾಕ್ ಫ್ರೈಡೇ ಅಂತ ದೊಡ್ಡ ಡಿಸ್ಕೌಂಟ್ ಸೇಲ್ ಬರ್ತದಲ್ಲ, ಗಲ್ಫಲ್ಲಿ ಅದನ್ನೇ ವೈಟ್ ಫ್ರೈಡೇ ಅಂತಾರೆ, ಆ ವಾರ ನಮ್ಮ ಬಟ್ಟೆಯಂಗಡಿಯವರು ಗಲ್ಫಿಗೆ ಜಾಹೀರಾತು ಹಾಕಿ "ಶುಕ್ರವಾರ ಈಗ ವರ್ಕ್ ಆಗುದಿಲ್ಲ" ಅಂತ ಫೋನ್ ಮಾಡಿದ್ರು. ಶುಕ್ರವಾರ ಎಂತ ಮಾಡ್ತದೆ ಪಾಪ, ಏಲಮಲ್ಲಿ ಆನೆಗಳು ಬಂದಿವೆ.

ಮತ್ತೆ ಕ್ಲಿಕ್ ಆದ ದಿನ ಬೇರೆ, ಮಾರಾಟ ಆದ ದಿನ ಬೇರೆ. ಒಬ್ಬ ಮಂಗಳವಾರ ನಿಮ್ಮ ಜಾಹೀರಾತು ಒತ್ತಿದ, ಆದಿತ್ಯವಾರ ವೆಬ್‌ಸೈಟಿಗೆ ಬಂದು ಆರ್ಡರ್ ಮಾಡಿದ ಅಂತಿಟ್ಕೊಳ್ಳಿ. ಗೂಗಲ್ ಆಡ್ಸಿನಲ್ಲಿ ಕನ್ವರ್ಶನ್, ಅಂದ್ರೆ ಒತ್ತಿದವರಿಂದ ಆದ ಮಾರಾಟ, ಅನ್ನುವ ಕಾಲಮ್ ನೋಡಿದ್ರೆ ಆ ಮಾರಾಟವನ್ನು ಮಂಗಳವಾರದ ಲೆಕ್ಕಕ್ಕೆ ಬರೀತದೆ, ಒತ್ತಿದ ದಿನಕ್ಕೆ. ಅದನ್ನು ನೋಡಿ ಜನ ಮಂಗಳವಾರವೇ ಖರೀದಿ ಮಾಡ್ತಾರೆ ಅಂತ ಹೇಳುವವರು ಉಂಟು. ನಮ್ಮಲ್ಲಿ ಮಂಗಳವಾರ ಹೊಸ ಗಾಡಿ ತಗೊಳ್ಳುದಿಲ್ಲ ಅಂತ ಎಷ್ಟೋ ಮನೆಯಲ್ಲಿ ಉಂಟು, ಆದ್ರೆ ಮಂಗಳವಾರ ಗಾಡಿಯ ಫೋಟೋ ನೋಡ್ಬಾರ್ದು ಅಂತ ಯಾವ ಅಜ್ಜಿಯೂ ಹೇಳ್ಲಿಲ್ಲ.

ಯಕ್ಷಗಾನದವರು ಇಲ್ಲಿ ನಾಲ್ಕು ಜನ ಕೂತಿದ್ದೀರಿ, ನಿಮಗೆ ಅಂತಲೇ ಹೇಳ್ತೇನೆ. ಶನಿವಾರ ರಾತ್ರಿ ಪೆರ್ಲದಲ್ಲಿ ಆಟ, ಸೋಮವಾರ ಫೇಸ್‌ಬುಕ್ಕಿಗೆ ದುಡ್ಡು ಕೊಟ್ಟು ಪೋಸ್ಟರ್ ಬೂಸ್ಟ್ ಮಾಡಿದ್ರಿ, ಲೈಕೋ ಲೈಕು. ಲೈಕ್ ಕೊಟ್ಟವರೆಲ್ಲ ಬೆಂಗಳೂರಲ್ಲಿ ಕೂತವರು, ಊರು ಬಿಟ್ಟು ಹೋದವರಿಗೆ ಪೋಸ್ಟರ್ ಕಂಡ್ರೆ ಕಣ್ಣಲ್ಲಿ ನೀರು ಬರ್ತದೆ, ಖುರ್ಚಿಯಲ್ಲಿ ಬಂದು ಕೂತ್ಕೊಳ್ಳುದಿಲ್ಲ. ಆಟಕ್ಕೆ ಬರುವವನು ತೀರ್ಮಾನ ಮಾಡುದು ಆ ದಿನ ಮಧ್ಯಾಹ್ನ ಊಟ ಆದ್ಮೇಲೆ, "ಹೋಗುವನಾ?" ಅಂತ ಪಕ್ಕದ ಮನೆಯವನಿಗೆ ಫೋನ್ ಮಾಡುವಾಗ. ಶುಕ್ರವಾರ ಸಂಜೆಯಿಂದ ಶನಿವಾರ ಏಳು ಗಂಟೆ ವರೆಗೆ, ಪೆರ್ಲದ ಸುತ್ತ ಹದಿನೈದು ಇಪ್ಪತ್ತು ಕಿಲೋಮೀಟರಿಗೆ ಮಾತ್ರ ಹಾಕಿ ನೋಡಿ. ಅಷ್ಟು ಸುತ್ತು ಹಾಕಿದ್ರೆ ಅದು ಗಡಿ ದಾಟಿ ಕರ್ನಾಟಕಕ್ಕೂ ಹೋಗ್ತದೆ, ಅದಕ್ಕೆ ಪಾಸ್‌ಪೋರ್ಟ್ ಬೇಡ, ಒಳ್ಳೆದೇ ಆಯ್ತು. ಆದ್ರೆ ಗಡಿಯ ಆಚೆ ದಸರಾ ರಜೆ, ಈಚೆ ಓಣಂ ರಜೆ, ಇದು ನೆನಪಿರಲಿ, ರಜೆಯ ವಾರದಲ್ಲಿ ಸೋಮವಾರವೂ ಆದಿತ್ಯವಾರದ ಹಾಗೇ ಇರ್ತದೆ. ಚಾರ್ಟಿಗೆ ಇದು ಗೊತ್ತುಂಟಾ?

ನಾನು ಪುನಃ ಚಾರ್ಟಿಗೇ ಬಂದೆ, ಏನು ಮಾಡುದು, ಸಿಟ್ಟು ಹೋಗುದಿಲ್ಲ.

ವೆಬ್ಬಿನ ಮೊದಲ ಬ್ಯಾನರ್ ಜಾಹೀರಾತು ಅಂತ ಹೇಳುದು ಅಮೆರಿಕದ ಫೋನ್ ಕಂಪನಿ ಎಟಿ ಆಂಡ್ ಟಿಯವರದ್ದು, ಹಾಟ್‌ವೈರ್ಡ್ ಅನ್ನುವ ಸೈಟಲ್ಲಿ, 1994ರ ಅಕ್ಟೋಬರ್ 27ಕ್ಕೆ. ನೋಡಿದ ನೂರರಲ್ಲಿ 44 ಜನ ಒತ್ತಿದ್ರು ಅಂತ ಹೇಳ್ತಾರೆ, ಇವತ್ತು ನಮಗೆ ನೂರಕ್ಕೆ ಒಬ್ಬ ಒತ್ತಿದ್ರೆ ಪಾಯಸ ಮಾಡುವಾ. ಆ ದಿನ ಯಾವ ವಾರ ಗೊತ್ತುಂಟಾ, ಗುರುವಾರ. ಹಾಗಂತ ಗುರುವಾರ ಹಾಕಿದ್ರೆ 44 ಬರ್ತದಾ? ಹೊಸತು ಅಂತ ಒತ್ತಿದ್ರು, ದಿನ ನೋಡಿ ಅಲ್ಲ.

ಸೀಟಿ ಕೊಟ್ರು, ಐದು ನಿಮಿಷ. ಹೇಳ್ಬೇಕು ಅಂತ ಬರ್ಕೊಂಡದ್ದರಲ್ಲಿ ಅರ್ಧ ಉಳೀತು. ಸಂಬಳದ ದಿನ, ಹರತಾಳದ ದಿನ, ಐಪಿಎಲ್ ಸಂಜೆ, ಮಳೆಗೆ ಕರೆಂಟ್ ಹೋಗುದು, ಎಲ್ಲ ವಾರದ ದಿನದ ವೇಷ ಹಾಕ್ಕೊಂಡು ಬರ್ತಾವೆ, ಒಂದನೇ ತಾರೀಕು ಶನಿವಾರ ಬಂದ್ರೆ ಶನಿವಾರ ಹುಲಿ ಅನ್ನಿಸ್ತದೆ, ಅಷ್ಟೇ ಹೇಳ್ತೇನೆ.

ಒಂದು ಮಾತ್ರ ಬಿಡ್ಲಿಕ್ಕೆ ಆಗುದಿಲ್ಲ. ಸಣ್ಣ ಲೆಕ್ಕದಿಂದ ದೊಡ್ಡ ತೀರ್ಮಾನ ಮಾಡ್ಬೇಡಿ. ಸೋಮವಾರ ಐನೂರು ಜನರಿಗೆ ಕಂಡಿತು, ಐದು ಜನ ಒತ್ತಿದ್ರು. ಮಂಗಳವಾರ ಐನೂರಕ್ಕೆ ಎಂಟು. ಓ, ಮಂಗಳವಾರ ಅರುವತ್ತು ಪರ್ಸೆಂಟ್ ಜಾಸ್ತಿ ಅಂತ ಸೋಮವಾರ ಬಂದ್ ಮಾಡಿದ್ರೆ ಅದು ವ್ಯಾಪಾರ ಅಲ್ಲ. ಆ ಮೂರು ಕ್ಲಿಕ್ ಒಂದೇ ಮನೆಯ ಮಕ್ಕಳದ್ದಿರ್ಬಹುದು. ಎಂಟು ವಾರ ಆದ್ರೂ ಓಡ್ಲಿ, ಹಬ್ಬ ಬಂದ ವಾರ ಬದಿಗಿಡಿ, ಫೋಟೋ ಬದಲಾಯಿಸ್ಬೇಡಿ, ಆಮೇಲೆ ನೋಡಿ.

ನೋಡುದು ಹೇಗೆ ಅಂದ್ರೆ, ಗೂಗಲ್ಲಿನಲ್ಲಿ ವಾರದ ದಿನ, ಗಂಟೆ ಅಂತ ಬೇರೆ ಬೇರೆ ಮಾಡಿ ತೋರಿಸುವ ವ್ಯವಸ್ಥೆ ಅಲ್ಲೇ ಉಂಟು. ಫೇಸ್‌ಬುಕ್ಕಿನದ್ದು ಆಡ್ಸ್ ಮ್ಯಾನೇಜರಲ್ಲಿ ಬ್ರೇಕ್‌ಡೌನ್ ಒತ್ತಿ, ದಿನ ದಿನದ ಲೆಕ್ಕ ಎಕ್ಸೆಲ್ಲಿಗೆ ಇಳಿಸಿ, ಪಕ್ಕದ ಕಾಲಮಲ್ಲಿ ವೀಕ್‌ಡೇ ಫಾರ್ಮುಲಾ ಹಾಕಿ, ಆದಿತ್ಯವಾರಕ್ಕೆ 1 ಬರ್ತದೆ, ಶನಿವಾರಕ್ಕೆ 7. ಗಂಟೆ ನೋಡುವಾಗ ಎರಡು ತರ ಉಂಟು, ಒಂದು ಅಕೌಂಟಿನ ಟೈಮ್ ಝೋನ್, ಇನ್ನೊಂದು ನೋಡುವವನ ಟೈಮ್ ಝೋನ್, ಗಲ್ಫಿಗೆ ಹಾಕುವವರು ಎರಡನೇದ್ದು ನೋಡಿ. ಅದ್ರ ಪಕ್ಕ ನಿಮ್ಮ ಕೈಬರಹದ ಒಂದು ಕಾಲಮ್ ಬೇಕು, ಆ ದಿನ ಬಂದ ಫೋನು ಎಷ್ಟು, ಎತ್ತಿದ್ದು ಎಷ್ಟು. ಯಾಕೆಂದ್ರೆ ಶನಿವಾರ ರಾತ್ರಿ ಬಂದ ಮೆಸೇಜಿಗೆ ಸೋಮವಾರ ಹತ್ತು ಗಂಟೆಗೆ "ನಮಸ್ತೆ, ಹೇಳಿ" ಅಂತ ಬರೆದು, ಆಮೇಲೆ ವೀಕೆಂಡ್ ಜಾಹೀರಾತು ದಂಡ ಅಂತ ಗ್ರೂಪಲ್ಲಿ ಹಾಕುವವರು ಈ ಹಾಲಲ್ಲೇ ಇದ್ದಾರೆ, ಹೆಸರು ಹೇಳುದಿಲ್ಲ ಅಂದೆನಲ್ಲ.

ಲ್ಯಾಪ್‌ಟಾಪ್ ತಂದವರು ಊಟ ಆದ್ಮೇಲೆ ಆ ಕಿಟಕಿ ಹತ್ರ ಕೂತ್ಕೊಳ್ಳಿ, ಮೊದ್ಲು ನಿಮ್ಮ ನಿಮ್ಮ ಅಕೌಂಟಿನ ಟೈಮ್ ಝೋನ್ ಯಾವ ದೇಶದಲ್ಲುಂಟು ಅಂತ ನೋಡುವಾ.