ಸಿಗ್ನಲ್‌ನಲ್ಲಿ ಆಫ್ ಆಗುವ ಹಳೇ ಮಾರುತಿ

ಕೇಳುಗರಿಗೆ ನಮಸ್ಕಾರ.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬರುವುದಕ್ಕೆ ಮೊದಲಿನ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇರುವ ಗಾಡಿಗಳನ್ನು ಇವತ್ತಿಗೂ ಮುದ್ದಿನಿಂದ ಇಟ್ಟುಕೊಂಡವರಿದ್ದಾರೆ. ಅವರ ದೂರು ಹೆಚ್ಚಾಗಿ ಇದೇ: "ಓಡುವಾಗ ಚೆನ್ನಾಗೇ ಇದೆ, ಸಿಗ್ನಲ್‌ನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ನಡುಗಿ ಆಫ್ ಆಗುತ್ತೆ." ಗ್ಯಾರೇಜಿನವರು ಸ್ಕ್ರೂ ತಿರುಗಿಸಿ, ಸ್ಲೋ ಸ್ಪೀಡ್ (ಕಾಲು ತೆಗೆದಾಗ ಎಂಜಿನ್ ತಿರುಗುವ ವೇಗ) ಏರಿಸಿ ಕಳಿಸುತ್ತಾರೆ. ರೋಗ ಹಾಗೇ ಉಳಿಯುತ್ತದೆ, ಪೆಟ್ರೋಲ್ ಖರ್ಚು ಮಾತ್ರ ಏರುತ್ತದೆ.

ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು, ಗಾಡಿ ಯಾವಾಗ ಆಫ್ ಆಗುತ್ತದೆ ಅಂತ ಗಮನಿಸಿ. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರವೇ? ತಣ್ಣನೆಯ ಎಂಜಿನ್ನಿಗೆ ಗಾಳಿ ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ನೋಡಿ. ಘಾಟಿ ಹತ್ತಿ ಎಂಜಿನ್ ಕಾದ ಮೇಲೆಯೇ? ಕಿಡಿಗೆ ಬೇಕಾದ ಜೋರು ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಿ, ಇಲ್ಲವೇ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತಿರಬಹುದು. ಮಳೆಗಾಲದಲ್ಲಿ ಮಾತ್ರವಾದರೆ, ಆ ಕರೆಂಟನ್ನು ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಒಳಗೆ ಬಿರುಕು ಬಿಟ್ಟಿದೆಯೇ ನೋಡಿ. ಮಲೆನಾಡಿನವರಿಗೆ ನಾನಿದನ್ನು ಹೇಳಿಕೊಡಬೇಕಾಗಿಲ್ಲ.

ಈ 796 ಸಿಸಿ ಎಂಜಿನ್ನಿಗೆ ಇರುವುದು ಮೂರೇ ಸಿಲಿಂಡರ್. ಅದರಲ್ಲೊಂದು ಕೈಕೊಟ್ಟರೆ ಸ್ಟಿಯರಿಂಗ್‌ವರೆಗೂ ಅದುರುತ್ತದೆ. ಯಾವುದು ಕೆಲಸ ಮಾಡುತ್ತಿಲ್ಲ ಅಂತ ಮೆಕ್ಯಾನಿಕ್ ಸುಲಭವಾಗಿ ಹಿಡಿಯುತ್ತಾರೆ. ಎಂಜಿನ್ ನಡೆಯುತ್ತಿರುವಾಗಲೇ ಹಿಡಿಗೆ ರಬ್ಬರ್ ಇರುವ ಇಕ್ಕಳದಲ್ಲಿ ಕಿಡಿ ಹಾರಿಸುವ ಪ್ಲಗ್‌ಗಳ ವೈರ್ ಒಂದೊಂದಾಗಿ ಕಿತ್ತು, ತಕ್ಷಣ ಮತ್ತೆ ಹಾಕುತ್ತಾರೆ. ಕಿತ್ತಾಗ ಎಂಜಿನ್ ಇನ್ನಷ್ಟು ತಡವರಿಸಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಏನೂ ವ್ಯತ್ಯಾಸ ಆಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಪ್ಲಗ್ಗು, ವೈರು, ಆಮೇಲೆ ಕಂಪ್ರೆಷನ್ (ಸಿಲಿಂಡರ್ ಒಳಗೆ ಏಳುವ ಒತ್ತಡ) ಅಂತ ಹುಡುಕುತ್ತಾ ಹೋಗಬಹುದು. ಅಭ್ಯಾಸ ಇಲ್ಲದವರು ಮಾತ್ರ ಇದಕ್ಕೆ ಕೈ ಹಾಕಬೇಡಿ, ಶಾಕ್ ಜೋರಾಗಿಯೇ ಹೊಡೆಯುತ್ತದೆ.

ಮೂರೂ ಒಂದೇ ಸಮ ತಡವರಿಸುತ್ತಿದ್ದರೆ ಗಾಳಿ ಸೋರಿಕೆ ಹುಡುಕಬೇಕು. ಕಾಲು ತೆಗೆದಾಗ ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಹೆಚ್ಚುಕಡಿಮೆ ಮುಚ್ಚಿರುತ್ತದೆ. ಆಗ ಎಂಜಿನ್ ಒಳಕ್ಕೆ ಎಳೆಯುವ ಸೆಳೆತ ಜಾಸ್ತಿ, ಸಿಗುವ ಪೆಟ್ರೋಲ್ ತೀರಾ ಕಡಿಮೆ. ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪಿನಿಂದಲೋ ಕಾರ್ಬುರೇಟರ್ ಕೆಳಗಿನ ಗ್ಯಾಸ್ಕೆಟ್ಟಿನಿಂದಲೋ ಲೆಕ್ಕಕ್ಕಿಲ್ಲದ ಗಾಳಿ ನುಗ್ಗಿದರೆ, ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗಾಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಬರುವ ಗಾಳಿಯ ರಾಶಿಯಲ್ಲಿ ಈ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಓಡುವಾಗ ಗಾಡಿ ಚೆನ್ನಾಗಿರುವ ಗುಟ್ಟು ಇದು. ಬಾನೆಟ್ ಎತ್ತಿ ಕಿವಿಗೊಟ್ಟರೆ ಎಷ್ಟೋ ಸಲ "ಸ್ಸ್" ಎಂಬ ಸದ್ದು ಕೇಳಿಸುತ್ತದೆ. ಅನುಮಾನವಿರುವ ಪೈಪನ್ನು ಬೆರಳಲ್ಲಿ ಅದುಮಿ ಹಿಡಿದಾಗ ಎಂಜಿನ್ ನೆಟ್ಟಗಾದರೆ ಪೈಪು ಬದಲಿಸಿ. ಸೋರಿಕೆ ಪತ್ತೆಗೆಂದು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸುವವರೂ ಇದ್ದಾರೆ. ಬೆಂಕಿ ಹೊತ್ತಿಕೊಂಡೀತು, ಬೇಡವೇ ಬೇಡ. ಎಂಜಿನ್ ನಡೆಸಿ ನೋಡುವುದೆಲ್ಲ ಬಯಲಲ್ಲೇ ಆಗಲಿ, ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣ ತೆಗೆದೀತು.

ಇನ್ನು ಪೆಟ್ರೋಲು. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಹಳೇ ಗಾಡಿಯ ರಬ್ಬರ್ ಪೈಪು, ವಾಷರ್‌ಗಳನ್ನು ಇದಕ್ಕೆಂದು ಮಾಡಿರಲಿಲ್ಲ. ಎಥನಾಲ್ ತೇವವನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಕಸ, ಅಂಟು ಸೇರಿ, ಕಾಲು ತೆಗೆದಾಗ ಪೆಟ್ರೋಲ್ ಕೊಡುವ ಸ್ಲೋ ಜೆಟ್ ಕಟ್ಟಿಕೊಂಡರೆ ಆಶ್ಚರ್ಯವಿಲ್ಲ. ಆ ಜೆಟ್ಟಿನ ತೂತು ಬಹಳ ಸಣ್ಣದು. ತಂತಿ ಚುಚ್ಚಿದರೆ ಅಗಲವಾಗಿ ಕೆಟ್ಟೇ ಹೋಗುತ್ತದೆ, ಕ್ಲೀನರ್ ಹಾಕಿ ಗಾಳಿ ಹೊಡೆಸಿ.

ಇಷ್ಟೆಲ್ಲ ಆದ ಮೇಲೆ, ಗಾಳಿ-ಪೆಟ್ರೋಲಿನ ಬೆರಕೆ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ. ಅದನ್ನು ಹೊಂದಿಸುವ ಮುನ್ನ ಮೆಲ್ಲಗೆ ಒಳಕ್ಕೆ ತಿರುಗಿಸುತ್ತಾ, ಪೂರ್ತಿ ಕೂರಲು ಎಷ್ಟು ಸುತ್ತು ಬೇಕಾಯಿತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಹೊಸ ಟ್ಯೂನಿಂಗ್ ಹಿಡಿಸದಿದ್ದರೆ ಮತ್ತೆ ಮೆಲ್ಲಗೆ ಪೂರ್ತಿ ಕೂರಿಸಿ, ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದರಾಯಿತು.