ಆಪರೇಷನ್‌ಗೆ ಮುಂಚೆ ಮಾತಿನ ಜಾಗ ಹುಡುಕೋದು

ಕೇಳುಗರಿಗೆ ನಮಸ್ಕಾರ. ಮೆದುಳಲ್ಲಿ ಗಡ್ಡೆ ಇದೆ, ಆಪರೇಷನ್ ಆಗ್ಬೇಕು ಅಂತ ಡಾಕ್ಟ್ರು ಹೇಳಿದ್ರೆ ಮನೆಯವರು ಮೊದಲು ಕೇಳೋದು ಜೀವಕ್ಕೇನೂ ಅಪಾಯ ಇಲ್ವಾ ಅಂತ. ಗಡ್ಡೆ ಎಡಗಡೆ ಇದ್ರೆ ಇನ್ನೊಂದು ಪ್ರಶ್ನೆನೂ ಇರುತ್ತೆ, ಬಾಯಿಬಿಟ್ಟು ಕೇಳೋಕೆ ಹೆದರ್ತಾರೆ ಅಷ್ಟೇ: ಮಾತು ಹೋಗ್ಬಿಡುತ್ತಾ? ಆ ಪ್ರಶ್ನೆ ಕೇಳ್ಲೇಬೇಕು, ಯಾಕಂದ್ರೆ ಇವತ್ತು ಅದಕ್ಕೆ ಆಪರೇಷನ್‌ಗೆ ಮುಂಚೆನೇ ಸಾಕಷ್ಟು ಉತ್ತರ ಹುಡುಕೋಕೆ ಆಗುತ್ತೆ, ಆ ಹುಡುಕಾಟದಲ್ಲಿ ಪೇಷಂಟ್‌ಗೂ ಮನೆಯವರಿಗೂ ಮಾಡೋ ಕೆಲಸ ಇದೆ. ಅದರ ಬಗ್ಗೆನೇ ಇವತ್ತಿನ ಮಾತು.

ಮಾತಿಗೆ ಮೆದುಳಲ್ಲಿ ಒಂದು ಜಾಗ ಇದೆ ಅನ್ನೋ ವಿಚಾರ ಗಟ್ಟಿಯಾಗಿದ್ದು 1861ರಲ್ಲಿ. ಪ್ಯಾರಿಸ್‌ನ ಪಾಲ್ ಬ್ರೋಕಾ ಅನ್ನೋ ಡಾಕ್ಟ್ರ ಹತ್ರ ಒಬ್ಬ ಪೇಷಂಟ್ ಇದ್ದ, ಎದುರಿನವರು ಹೇಳಿದ್ದು ಅವನಿಗೆ ಅರ್ಥ ಆಗ್ತಿತ್ತು, ಆದ್ರೆ ಏನು ಕೇಳಿದ್ರೂ ಬಾಯಿಂದ ಹೆಚ್ಚುಕಮ್ಮಿ 'ಟ್ಯಾನ್' ಅನ್ನೋದೊಂದೇ ಬರ್ತಿತ್ತು. ಅವನು ತೀರಿಕೊಂಡ ಮೇಲೆ ನೋಡಿದ್ರೆ ಎಡಗಡೆ ಮೆದುಳಿನ ಮುಂಭಾಗದ ಕೆಳಗೆ ಹಾಳಾಗಿತ್ತು. 1874ರಲ್ಲಿ ಕಾರ್ಲ್ ವೆರ್ನಿಕೆ ಇನ್ನೊಂದು ಜಾಗ ತೋರಿಸಿದ್ರು, ಕಿವಿಯ ಮೇಲಿನ ಭಾಗದಲ್ಲಿ ಹಿಂದಕ್ಕೆ, ಅಲ್ಲಿ ಪೆಟ್ಟಾದ್ರೆ ಮಾತು ಸರಾಗವಾಗಿ ಬರುತ್ತೆ ಆದ್ರೆ ಅರ್ಥ ಕೂಡಲ್ಲ. ಅಲ್ಲಿಂದ ಇವತ್ತಿನವರೆಗೂ ಪಠ್ಯಪುಸ್ತಕಗಳಲ್ಲಿ ಎರಡು ದುಂಡನೆ ಗುರುತು ಇರುತ್ತೆ, ಒಂದು ಬ್ರೋಕಾ, ಒಂದು ವೆರ್ನಿಕೆ.

ಆ ಎರಡು ಗುರುತು ನಂಬ್ಕೊಂಡು ಚಾಕು ಹಿಡಿಯೋಕಾಗಲ್ಲ. ಅಮೆರಿಕದ ಸರ್ಜನ್ ಜಾರ್ಜ್ ಓಜೆಮನ್ ಮತ್ತು ಅವರ ಜೊತೆಗಾರರು 117 ಪೇಷಂಟ್‌ಗಳ ಮೆದುಳನ್ನ ಆಪರೇಷನ್ ಟೈಮಲ್ಲೇ ಮ್ಯಾಪ್ ಮಾಡಿ, ಅಂದ್ರೆ ಮಾತಿಗೆ ಬೇಕಾದ ಜಾಗ ಎಲ್ಲೆಲ್ಲಿದೆ ಅಂತ ಗುರುತು ಹಾಕಿ, 1989ರಲ್ಲಿ ಬರೆದಿದ್ದು ಏನಂದ್ರೆ, ಹೆಸರು ಹೇಳೋಕೆ ಬೇಕೇ ಬೇಕಾದ ಜಾಗಗಳು ಬಹಳ ಸಲ 1ರಿಂದ 2 ಚದರ ಸೆಂಟಿಮೀಟರ್ ಅಷ್ಟೇ ಇರುತ್ತೆ, ಅದೂ ಒಂದೇ ಕಡೆ ಅಲ್ಲ, ತುಂಡು ತುಂಡಾಗಿ ಅಲ್ಲಲ್ಲಿ, ಮತ್ತೆ ಒಬ್ಬೊಬ್ಬರಲ್ಲಿ ಒಂದೊಂದು ಕಡೆ. ಅಂದ್ರೆ ಪುಸ್ತಕದ ಗುರುತು ನೋಡಿ ಕೊಯ್ದ್ರೆ ಎರಡು ಥರ ನಷ್ಟ. ಗುರುತಿನ ಹೊರಗೆ ಇದ್ದ ಮಾತಿನ ಜಾಗ ಹೋಗ್ಬಹುದು, ಇಲ್ಲಾ ಗುರುತಿನ ಒಳಗೆ ಇರೋ ಗಡ್ಡೆನ ಆರಾಮಾಗಿ ತೆಗೀಬಹುದಿತ್ತು ಅನ್ನುವಾಗ ಹೆದರಿ ಬಿಟ್ಟುಬಿಡಬಹುದು. ಎರಡನೇ ನಷ್ಟದ ಬಗ್ಗೆ ಜನ ಅಷ್ಟಾಗಿ ಯೋಚಿಸಲ್ಲ, ನನ್ನ ಪ್ರಕಾರ ಅದು ಕಮ್ಮಿ ನಷ್ಟ ಅಲ್ಲ, ಉಳಿದ ಗಡ್ಡೆ ಮತ್ತೆ ಬೆಳೆಯುತ್ತೆ.

ಹಾಗಾಗಿ ಮೊದಲು ಯಾವ ಕಡೆ ಅಂತ ತಿಳೀಬೇಕು. ಬಲಗೈ ಜನರಲ್ಲಿ 100ಕ್ಕೆ ಸುಮಾರು 95 ಜನಕ್ಕೆ ಮಾತು ಎಡ ಮೆದುಳಲ್ಲೇ ಇರುತ್ತೆ, ಎಡಗೈಯವರಲ್ಲಿ ಸುಮಾರು 70 ಜನಕ್ಕೆ, ಉಳಿದವರಲ್ಲಿ ಬಲಗಡೆ ಇಲ್ಲಾ ಎರಡೂ ಕಡೆ ಹಂಚಿಕೊಂಡಿರುತ್ತೆ. ಅದಕ್ಕೇ ಡಾಕ್ಟ್ರು ಯಾವ ಕೈಯಲ್ಲಿ ಬರೀತೀರಾ ಅಂತ ಕೇಳೋದು, ಚಿಕ್ಕಂದಿನಲ್ಲಿ ಎಡಗೈ ಇದ್ದು ಮನೇಲಿ ಬಲಗೈಗೆ ಬದಲಾಯಿಸಿದ್ರೆ ಅದನ್ನೂ ಹೇಳಿ. ಹಿಂದೆ ಇದಕ್ಕೆ ವಾಡಾ ಟೆಸ್ಟ್ ಒಂದೇ ದಾರಿ ಅನ್ನೋ ಹಾಗಿತ್ತು. ಜುನ್ ವಾಡಾ 1949ರಲ್ಲಿ ವಿವರಿಸಿದ ವಿಧಾನ ಅದು, ಕುತ್ತಿಗೆಯ ರಕ್ತನಾಳದ ಮೂಲಕ ಔಷಧಿ ಕೊಟ್ಟು ಅರ್ಧ ಮೆದುಳನ್ನ ಕೆಲವೇ ನಿಮಿಷ ಮಲಗಿಸಿ ಮಾತಾಡಿಸೋದು. ಈಗ ಎಲ್ಲರಿಗೂ ಅದನ್ನ ಮಾಡಲ್ಲ, ಹೆಚ್ಚಿನ ಕಡೆ ಫಂಕ್ಷನಲ್ ಎಂಆರ್‌ಐ ಅದರ ಜಾಗಕ್ಕೆ ಬಂದಿದೆ.

ಫಂಕ್ಷನಲ್ ಎಂಆರ್‌ಐ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಅದರ ಕಲರ್ ಚಿತ್ರ ಕೈಗೆ ಬಂದಾಗ ಮನೆಯವರು ಅದನ್ನೇ ಕೊನೇ ಮಾತು ಅಂದ್ಕೊಳ್ತಾರೆ. ಮಷೀನ್ ಒಳಗೆ ಮಲಗಿರೋವಾಗ ಪೇಷಂಟ್‌ಗೆ ಮನಸ್ಸಲ್ಲೇ ಪದ ಜೋಡಿಸು, ಚಿತ್ರದ ಹೆಸರು ನೆನೆಸ್ಕೋ ಅಂತ ಹೇಳ್ತಾರೆ, ಆ ಕೆಲಸ ಮಾಡೋ ಮೆದುಳಿನ ಭಾಗಕ್ಕೆ ಆಕ್ಸಿಜನ್ ಇರೋ ರಕ್ತ ಜಾಸ್ತಿ ಬರುತ್ತೆ, ಆ ಬದಲಾವಣೆನೇ ಕಲರ್ ಆಗಿ ಕಾಣೋದು. ಆದ್ರೆ ಕೆಲಸದಲ್ಲಿ ಕೈ ಹಾಕಿರೋ ಎಲ್ಲಾ ಜಾಗನೂ ಅದರಲ್ಲಿ ಬೆಳಗುತ್ತೆ. ಒಂದು ಆಫೀಸಲ್ಲಿ ಹತ್ತು ಜನ ಓಡಾಡ್ತಿರ್ತಾರೆ, ಅವರಲ್ಲಿ ಯಾರು ರಜೆ ಹಾಕಿದ್ರೆ ಕೆಲಸ ನಿಂತೇ ಹೋಗುತ್ತೆ ಅನ್ನೋದು ಕಿಟಕಿಯಿಂದ ನೋಡೋರಿಗೆ ಗೊತ್ತಾಗಲ್ವಲ್ಲ, ಹಾಗೆ. ಇನ್ನೊಂದು, ಗಡ್ಡೆ ಪಕ್ಕದ ರಕ್ತನಾಳಗಳು ಸರಿಯಾಗಿ ಸ್ಪಂದಿಸದೇ ಇರಬಹುದು, ಆಗ ಅಲ್ಲಿ ಮಾತಿನ ಜಾಗ ಇದ್ರೂ ಚಿತ್ರದಲ್ಲಿ ಕತ್ತಲೆ ಇರುತ್ತೆ, ಕಲರ್ ಇಲ್ಲ ಅಂತ ಅದು ಖಾಲಿ ಜಾಗ ಅಲ್ಲ.

ಇದರ ಜೊತೆಗೆ ಟ್ರ್ಯಾಕ್ಟೋಗ್ರಫಿ ಮಾಡ್ತಾರೆ, ಅದು ಮೆದುಳಿನ ಮೇಲ್ಪದರ ಅಲ್ಲ, ಒಳಗಿನ ನರತಂತುಗಳ ಕಟ್ಟುಗಳನ್ನ ತೋರಿಸುತ್ತೆ. ಮುಂದಿನ ಮತ್ತು ಹಿಂದಿನ ಮಾತಿನ ಜಾಗಗಳನ್ನ ಸೇರಿಸೋ ಆರ್ಕ್ಯುಯೇಟ್ ಅನ್ನೋ ಬಿಲ್ಲಿನಾಕಾರದ ಕಟ್ಟು ಬಹಳ ಮುಖ್ಯ, ಮೇಲ್ಪದರಕ್ಕೆ ಏನೂ ಆಗದೆ ಇದು ಕಡಿದ್ರೂ ಮಾತು ಕೆಡುತ್ತೆ. ಕೆಲವು ಸೆಂಟರ್‌ಗಳಲ್ಲಿ ತಲೆ ಹೊರಗಿನಿಂದಲೇ ಮ್ಯಾಗ್ನೆಟ್ ಕಾಯಿಲ್ ಇಟ್ಟು ಒಂದೊಂದು ಜಾಗನ ಕ್ಷಣಕಾಲ ತಡೆದು ಚಿತ್ರದ ಹೆಸರು ತಪ್ಪುತ್ತಾ ಅಂತ ನೋಡೋ ಟಿಎಂಎಸ್ ವಿಧಾನನೂ ಇದೆ.

ಇಷ್ಟೆಲ್ಲಾ ಆದ್ಮೇಲೂ ಗಡ್ಡೆ ಮಾತಿನ ಜಾಗಕ್ಕೆ ಅಂಟ್ಕೊಂಡೇ ಇದೆ ಅನ್ನಿಸಿದ್ರೆ ಕೊನೇ ಪರೀಕ್ಷೆ ಪೇಷಂಟ್ ಎಚ್ಚರ ಇರೋವಾಗ್ಲೇ, ಮೆದುಳಿಗೆ ಸಣ್ಣ ಕರೆಂಟ್ ಮುಟ್ಟಿಸಿ ಮಾತಾಡಿಸ್ತಾ ಆಗೋದು. ಎಚ್ಚರದಲ್ಲಿ ತಲೆ ಆಪರೇಷನ್ ಅಂದ ತಕ್ಷಣ ಜನ ಬೆಚ್ಚಿಬೀಳ್ತಾರೆ, ಆ ಭಯ ನನಗೆ ಅರ್ಥ ಆಗುತ್ತೆ. ಆದ್ರೆ ಮೆದುಳಿಗೆ ನೋವು ತಿಳಿಯೋ ನರಗಳೇ ಇಲ್ಲ, ನೋವಿರೋದು ಚರ್ಮಕ್ಕೆ, ಮೆದುಳಿನ ಹೊದಿಕೆಗೆ, ಅದಕ್ಕೆ ಮರಗಟ್ಟೋ ಇಂಜೆಕ್ಷನ್ ಕೊಟ್ಟಿರ್ತಾರೆ, ಬಹಳ ಕಡೆ ಶುರುವಿನಲ್ಲಿ ಮಲಗಿಸಿ ತಲೆ ತೆರೆದಾದ್ಮೇಲೆ ಎಬ್ಬಿಸ್ತಾರೆ. ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಕಳೆದ ಶತಮಾನದಲ್ಲೇ ಎಪಿಲೆಪ್ಸಿ ಪೇಷಂಟ್‌ಗಳಲ್ಲಿ ಇದನ್ನ ಬೆಳೆಸಿದ್ರು, ಕರೆಂಟ್ ಮುಟ್ಟಿಸಿದ ಜಾಗದ ಮೇಲೆ ನಂಬರ್ ಬರೆದ ಪುಟ್ಟ ಚೀಟಿ ಇಡ್ತಿದ್ರು, ಇವತ್ತೂ ಹಾಗೇ ಇಡ್ತಾರೆ.

ಕರೆಂಟ್ ಅಂದ್ರೆ ಕೆಲವೇ ಮಿಲಿಆಂಪಿಯರ್. ಮುಟ್ಟಿಸಿದಾಗ ಆ ಪುಟ್ಟ ಜಾಗ ಮೂರ್ನಾಲ್ಕು ಸೆಕೆಂಡ್ ಕೆಲಸ ನಿಲ್ಲಿಸುತ್ತೆ, ಅದೇ ಹೊತ್ತಿಗೆ ಎದುರಿಗೆ ಕೂತ ಸ್ಪೀಚ್ ಥೆರಪಿಸ್ಟ್ ಒಂದು ಚಿತ್ರ ತೋರಿಸ್ತಾರೆ. ಪೇಷಂಟ್ ಬರೀ ಹೆಸರು ಹೇಳಿದ್ರೆ ಸಾಲ್ದು, 'ಇದು ಕತ್ತರಿ' ಅಂತ ಪೂರ್ತಿ ಹೇಳ್ಬೇಕು. 'ಇದು' ಬಂತು, ಕತ್ತರಿ ಬರ್ಲಿಲ್ಲ ಅಂದ್ರೆ ಅದು ಹೆಸರು ಹುಡುಕೋ ಜಾಗ, 'ಇದು' ಕೂಡ ಬರ್ಲಿಲ್ಲ ಅಂದ್ರೆ ಮಾತು ಹೊರಡಿಸೋ ಜಾಗನೇ ನಿಂತಿದೆ ಅಂತ. ಕತ್ತರಿ ಬದ್ಲು 'ಕರತ್ತಿ' ಅಂದ್ರೆ ಧ್ವನಿ ಜೋಡಿಸೋ ದಾರಿ, 'ಚಾಕು' ಅಂದ್ರೆ ಅರ್ಥದ ದಾರಿ. ಆ ಒಂದೆರಡು ಸೆಕೆಂಡಲ್ಲಿ ಥೆರಪಿಸ್ಟ್ ಕಿವಿಗೊಟ್ಟು ತಪ್ಪು ಯಾವ ಥರದ್ದು ಅಂತ ಸರ್ಜನ್‌ಗೆ ಹೇಳ್ಬೇಕು. ಒಂದೇ ಸಲ ತಪ್ಪಿದ್ರೆ ನಂಬಲ್ಲ, ಸುಸ್ತಿಂದಲೂ ತಪ್ಪಬಹುದು, ಅದೇ ಜಾಗನ ಬಿಟ್ಟು ಬಿಟ್ಟು ಸಾಮಾನ್ಯವಾಗಿ ಮೂರು ಸಲ ನೋಡ್ತಾರೆ. ಕರೆಂಟಿಂದ ಕೆಲವೊಮ್ಮೆ ಫಿಟ್ಸ್ ಬರುತ್ತೆ, ಆಗ ಮೆದುಳಿನ ಮೇಲೆ ತಣ್ಣನೆ ದ್ರಾವಣ ಹಾಕಿದ್ರೆ ಬಹುಮಟ್ಟಿಗೆ ನಿಲ್ಲುತ್ತೆ.

ಇಷ್ಟು ಕಷ್ಟಕ್ಕೆ ಫಲ ಇದೆಯಾ? 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ವರದಿಲಿ ಹೀಗೆ ಮ್ಯಾಪ್ ಮಾಡಿ ಗ್ಲಿಯೋಮಾ ಅನ್ನೋ ಥರದ ಮೆದುಳಿನ ಗಡ್ಡೆ ತೆಗೆಸ್ಕೊಂಡ 250 ಜನರ ಲೆಕ್ಕ ಇದೆ, ಆರು ತಿಂಗಳಾದ್ಮೇಲೆ ಬದುಕಿದ್ದವರಲ್ಲಿ ಮಾತಿನ ತೊಂದ್ರೆ ಉಳಿದಿದ್ದು ಶೇಕಡಾ 1.6 ಜನಕ್ಕೆ. 2012ರಲ್ಲಿ 8,091 ಪೇಷಂಟ್‌ಗಳ ಮಾಹಿತಿ ಒಟ್ಟು ಮಾಡಿ ನೋಡಿದಾಗ, ಮಾತಷ್ಟೇ ಅಲ್ಲ ಕೈಕಾಲು ಎಲ್ಲಾ ಸೇರಿ, ಉಳಿದುಹೋಗೋ ದೊಡ್ಡ ತೊಂದ್ರೆ ಮ್ಯಾಪ್ ಮಾಡಿದವರಲ್ಲಿ ಶೇಕಡಾ 3.4, ಮಾಡದವರಲ್ಲಿ 8.2. ಗಡ್ಡೆ ಪೂರ್ತಿ ತೆಗೆದಿದ್ದೂ ಮ್ಯಾಪ್ ಮಾಡಿದವರಲ್ಲೇ ಹೆಚ್ಚು.

ಈಗ ನಿಮ್ಮ ಪಾಲಿನ ಕೆಲಸ. ಆಪರೇಷನ್‌ಗೆ ಮುಂಚೆ ಥೆರಪಿಸ್ಟ್ ಆ ಚಿತ್ರಗಳನ್ನ ಒಂದೊಂದಾಗಿ ತೋರಿಸ್ತಾರೆ, ಹೆಸರು ತಡವರಿಸಿದ ಚಿತ್ರ ತೆಗೆದುಹಾಕ್ತಾರೆ, ಇಲ್ದಿದ್ರೆ ಆವತ್ತು ತಪ್ಪಾದಾಗ ಅದು ಕರೆಂಟಿಂದ ಆಯ್ತೋ ಮೊದಲೇ ಬರ್ತಿರ್ಲಿಲ್ವೋ ಗೊತ್ತಾಗಲ್ಲ. ಹಾಗಾಗಿ ಗೊತ್ತಿಲ್ಲದ್ದನ್ನ ಗೊತ್ತು ಅಂತ ಊಹೆ ಮಾಡಿ ಹೇಳ್ಬೇಡಿ, ಅಲ್ಲಿ ಮಾರ್ಕ್ಸ್ ಕೊಡಲ್ಲ. ನಿಮಗೆ ಬರೋ ಭಾಷೆ ಎಲ್ಲಾ ಹೇಳಿ, ಮನೇಲಿ ಯಾವುದು, ಕೆಲಸದಲ್ಲಿ ಯಾವುದು, ಓದೋಕೆ ಬರೆಯೋಕೆ ಯಾವುದು. ಎರಡು ಭಾಷೆ ಬರೋರಲ್ಲಿ ಕೆಲವು ಜಾಗ ಎರಡಕ್ಕೂ ಬೇಕು, ಕೆಲವು ಒಂದಕ್ಕೆ ಮಾತ್ರ ಬೇಕು ಅಂತ 1978ರಲ್ಲೇ ಓಜೆಮನ್ ಮತ್ತು ವಿಟೇಕರ್ ತೋರಿಸಿದ್ರು, ಒಂದು ಭಾಷೆಲಿ ಟೆಸ್ಟ್ ಮಾಡಿ ಸರಿ ಇದೆ ಅಂದ್ರೆ ಇನ್ನೊಂದು ಉಳೀತು ಅಂತ ಅರ್ಥ ಅಲ್ಲ. ಪೇಷಂಟ್ ಮನೆ ಭಾಷೆಲಿ ಟೆಸ್ಟ್ ಮಾಡೋರು ಟೀಮಲ್ಲಿ ಇದ್ದಾರಾ ಅಂತ ಸಂಕೋಚ ಇಲ್ದೆ ಕೇಳಿ, ಇಲ್ಲ ಅಂದ್ರೆ ಏರ್ಪಾಡು ಮಾಡಿ ಅಂತ ಕೇಳಿ. ಹೆಂಡತಿ ಮಕ್ಕಳ ಜೊತೆ ಮಾತಾಡೋ ಭಾಷೆನೇ ಟೆಸ್ಟ್‌ನಿಂದ ಹೊರಗೆ ಉಳಿಯೋದು ನನಗಂತೂ ಒಪ್ಪೋಕಾಗಲ್ಲ.

ಆಪರೇಷನ್ ಆದ ಮೊದಲ ದಿನಗಳಲ್ಲಿ ಮಾತು ಮುಂಚಿಗಿಂತ ತಡವರಿಸಬಹುದು, ಊತ ಇರುತ್ತೆ, ಹೆಚ್ಚಿನವರಲ್ಲಿ ವಾರಗಳಲ್ಲಿ, ಒಂದೆರಡು ತಿಂಗಳಲ್ಲಿ ಸುಧಾರಿಸುತ್ತೆ, ಥೆರಪಿ ಬಿಡಬಾರದು. ನಿಧಾನಕ್ಕೆ ಬೆಳೆಯೋ ಗ್ಲಿಯೋಮಾ ಇದ್ರೆ ಮೆದುಳಿಗೆ ಟೈಮ್ ಸಿಗುತ್ತೆ, ಮಾತಿನ ಕೆಲಸ ಸ್ವಲ್ಪ ಪಕ್ಕದ ಜಾಗಗಳಿಗೆ ಹೋಗಬಹುದು, ಹಾಗಾಗಿ ಮೊದಲ ಸಲ ಮುಟ್ಟೋಕಾಗದೆ ಬಿಟ್ಟ ಭಾಗನ ವರ್ಷಗಳಾದ್ಮೇಲೆ ಎರಡನೇ ಆಪರೇಷನ್‌ನಲ್ಲಿ ತೆಗೆದಿರೋದೂ ಇದೆ. ಅಂಥ ಸಂದರ್ಭದಲ್ಲಿ ಹಳೇ ಮ್ಯಾಪ್ ಫೈಲಲ್ಲಿದ್ರೂ ಅದನ್ನೇ ನೆಚ್ಚಿಕೊಳ್ಳಲ್ಲ, ಚಿತ್ರಗಳನ್ನ ಮತ್ತೆ ಮೊದಲಿಂದ ತೋರಿಸಿ ಹೊಸದಾಗೇ ಮ್ಯಾಪ್ ಮಾಡ್ತಾರೆ. ನಮಸ್ಕಾರ.