ಕರಾಟೆ ಕ್ಲಬ್ ಒಡೆದ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಸಂಘ ಎರಡಾದಾಗ ಯಾರು ಯಾವ ಕಡೆ ಹೋಗುತ್ತಾರೆ? ಇದನ್ನು ಹೇಳಲು ಊರಿನ ಹಿರಿಯರಿಗೆ ಗಣಿತ ಬೇಕಾಗಿಲ್ಲ. ಯಾರು ಯಾರ ಜೊತೆ ಕಾಫಿಗೆ ಹೋಗುತ್ತಾರೆ ಅಂತ ಗೊತ್ತಿದ್ದರೆ ಸಾಕು, ಅಲ್ವಾ? ಅದನ್ನೇ ಅಂಕಿಗಳಲ್ಲಿ ಮಾಡಿ ತೋರಿಸಿದವರು ಅಮೆರಿಕದ ವೇಯ್ನ್ ಜಕಾರಿ.

1970ರಿಂದ 72ರವರೆಗೆ ಅವರು ಒಂದು ವಿಶ್ವವಿದ್ಯಾಲಯದ ಕರಾಟೆ ಕ್ಲಬ್ಬನ್ನು ಗಮನಿಸಿದರು. ಅಲ್ಲಿ ಜಗಳ ಹತ್ತಿದ್ದು ಫೀಸಿನ ವಿಷಯಕ್ಕೆ. ಮೇಷ್ಟ್ರು ಜಾಸ್ತಿ ಮಾಡಬೇಕು ಎಂದರು. ಅಧ್ಯಕ್ಷರು ಬೇಡ ಎಂದರು. ಕೊನೆಗೆ ಪದಾಧಿಕಾರಿಗಳು ಮೇಷ್ಟ್ರನ್ನೇ ತೆಗೆದರು. ಅವರ ಕಡೆಯವರು ಹೊರಗೆ ಬಂದು ಬೇರೆ ಕ್ಲಬ್ ಕಟ್ಟಿದರು.

ಜಕಾರಿಯ ಪಟ್ಟಿಯಲ್ಲಿ 34 ಜನ. ಕರಾಟೆ ತರಗತಿಯ ಆಚೆಗೂ ಒಡನಾಟವಿದ್ದ ಜೋಡಿಗಳು 78. ಒಂದೊಂದು ಸ್ನೇಹವೂ ಒಂದು ಪೈಪು ಎಂದುಕೊಳ್ಳಿ. ಕಾಲೇಜಿನ ಪಾಠ, ಬಾರ್, ಪಂದ್ಯ ಎಂದು ಹೆಚ್ಚು ಕಡೆ ಸಿಗುವವರ ನಡುವೆ ದಪ್ಪ ಪೈಪು. ಮೇಷ್ಟ್ರಿಂದ ಅಧ್ಯಕ್ಷರ ಕಡೆಗೆ ಸುದ್ದಿ ಹರಿಯುತ್ತಿದೆ. ಅತಿ ಕಡಿಮೆ ಹರಿವು ಕಡಿದರೆ ಎರಡು ಪಾಲಾಗುವ ಜಾಗ ಯಾವುದು? ಅಲ್ಲೇ ಕ್ಲಬ್ ಒಡೆಯುತ್ತದೆ ಎಂಬುದು ಅವರ ಊಹೆ. 34ರಲ್ಲಿ 33 ಜನರ ವಿಷಯದಲ್ಲಿ ಅದು ನಿಜವಾಯಿತು. 1977ರಲ್ಲಿ ಲೇಖನ ಬಂತು. ಆಮೇಲೆ ಈ ಕ್ಲಬ್ಬಿನ ಉದಾಹರಣೆ ಎಷ್ಟು ಸವಕಲಾಯಿತೆಂದರೆ, ಇಂಥ ಸಂಬಂಧಗಳ ಜಾಲವನ್ನು ಅಧ್ಯಯನ ಮಾಡುವವರ ಸಮ್ಮೇಳನದಲ್ಲಿ ಇದರ ಹೆಸರನ್ನು ಮೊದಲು ಎತ್ತಿದವರಿಗೆ ತಮಾಷೆಗೆ ಒಂದು ಟ್ರೋಫಿ ಕೊಡುತ್ತಾರೆ!

ಇಲ್ಲಿ ನಾಯಕರು ಯಾರೆಂದು ಜಕಾರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿದ್ದರೆ? ಅದಕ್ಕೆ ಸ್ಟೋಕಾಸ್ಟಿಕ್ ಬ್ಲಾಕ್ ಮಾಡೆಲ್ ಎಂಬ ಗಣಿತದ ಮಾದರಿ ಇದೆ. 1983ರಲ್ಲಿ ಸಂಶೋಧಕರಾದ ಹಾಲೆಂಡ್, ಲಾಸ್ಕಿ, ಲೈನ್‌ಹಾರ್ಟ್ ಮುಂದಿಟ್ಟದ್ದು. ಪ್ರತಿಯೊಬ್ಬರೂ ಕಣ್ಣಿಗೆ ಕಾಣದ ಯಾವುದೋ ಗುಂಪಿನವರು. ಇಬ್ಬರು ಸ್ನೇಹಿತರಾಗುವ ಸಾಧ್ಯತೆ ಅವರವರ ಗುಂಪಿನ ಮೇಲೆ ನಿಂತಿದೆ. ಹಾಗಾದರೆ ಯಾವ ಪಾಲು ಮಾಡಿದರೆ ನಮಗೆ ಸಿಕ್ಕ ಈ 78 ಜೋಡಿಗಳು ಹುಟ್ಟುವ ಸಾಧ್ಯತೆ ಅತಿ ಹೆಚ್ಚು? ಅದನ್ನು ಹುಡುಕಬೇಕು.

ಈ ಮಾಡೆಲ್‌ಗೆ ಕರಾಟೆ ಕ್ಲಬ್ ಕೊಟ್ಟರೆ ಮೇಷ್ಟ್ರನ್ನೂ ಅಧ್ಯಕ್ಷರನ್ನೂ ಒಂದೇ ಗುಂಪಿಗೆ ಹಾಕುತ್ತದೆ! ನೇರ ಸ್ನೇಹವೇ ಇಲ್ಲದ ಇಬ್ಬರನ್ನು. ಯಾಕೆಂದರೆ ಒಬ್ಬರಿಗೆ 16 ಗೆಳೆಯರು, ಇನ್ನೊಬ್ಬರಿಗೆ 17. ಅದು ಕಂಡದ್ದು ಜಗಳವನ್ನಲ್ಲ, ಜನಬಳಕೆ ಇರುವವರು ಮತ್ತು ಇಲ್ಲದವರನ್ನು. ನನ್ನ ಪ್ರಕಾರ ಇದನ್ನು ಸುಮ್ನೆ ತಪ್ಪು ಎನ್ನುವ ಹಾಗಿಲ್ಲ. ಅದೂ ಒಂದು ಬಗೆಯ ಗುಂಪೇ. 2011ರಲ್ಲಿ ಕ್ಯಾರರ್ ಮತ್ತು ನ್ಯೂಮನ್ ಒಂದು ತಿದ್ದುಪಡಿ ತಂದರು: ಕೆಲವರಿಗೆ ಸ್ನೇಹಿತರು ಜಾಸ್ತಿ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ ಎಂದು. ಆಗ ನಿಜವಾದ ಒಡಕು ಕಾಣಿಸಿತು, ಅಂಚಿನಲ್ಲಿದ್ದ ಒಬ್ಬರನ್ನು ಬಿಟ್ಟು.

ಇನ್ನು 34ರಲ್ಲಿ ಜಕಾರಿಯ ಊಹೆಗೆ ಕೈಕೊಟ್ಟ ಆ ಒಬ್ಬರು 9ನೇ ನಂಬರಿನ ಸದಸ್ಯ. ಅವರಿಗೆ ಐದು ಜನ ಸ್ನೇಹಿತರು, ಅದರಲ್ಲಿ ಮೇಷ್ಟ್ರೂ ಇದ್ದರು, ಅಧ್ಯಕ್ಷರೂ ಇದ್ದರು. ಒಲವು ಅಧ್ಯಕ್ಷರ ಕಡೆಗೆ, ಹೋಗಿದ್ದು ಮಾತ್ರ ಮೇಷ್ಟ್ರ ಕ್ಲಬ್ಬಿಗೆ. ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಇನ್ನು ಮೂರೇ ವಾರ ಇತ್ತು. ಅಧ್ಯಕ್ಷರ ಜೊತೆ ಉಳಿದಿದ್ದರೆ ಹೊಸ ಶೈಲಿ ಕಲಿಯಬೇಕಿತ್ತು, ಮತ್ತೆ ಬಿಳಿ ಬೆಲ್ಟಿನಿಂದ.